ಲೋಬೋ ಸಾರ್ ಹೇಳುತ್ತಿದ್ದ ವಕೀಲ

ಮಗಳ ಶಾಲೆಯ ಪ್ರಾಜೆಕ್ಟಿಗೆಂದು ಮಸ್ಕತ್ತಿನ ಖುರುಮ್ ಬಡಾವಣೆಯ ಅಂಗಡಿಯೊಂದರಲ್ಲಿ ಪ್ರಿಂಟ್ ಹಾಕಿಸಿದ ಚಿತ್ರ ಇನ್ನೂ ಬಿಸಿಯಾಗಿತ್ತು. ಅಮೆರಿಕ ಹೊಸದಾಗಿ ದೇಶವಾದ ಕಾಲದ ಒಬ್ಬ ವಕೀಲ. ಉದ್ದ ಕೋಟು, ಕೊರಳಿಗೆ ಬಿಳಿ ಬಟ್ಟೆ. ಹೆಸರು ಹೇಳಿದರೂ ನಿಮಗೆ ತಿಳಿಯಲಿಕ್ಕಿಲ್ಲ, ಅಷ್ಟು ದೊಡ್ಡವನಲ್ಲ. ನನಗೆ ಮಾತ್ರ ಲೋಬೋ ಸಾರ್ ಕಡೆಯಿಂದ ಪರಿಚಯ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಲೋಬೋ ಸಾರ್ ಉಡುಪಿಯಲ್ಲಿ ವಕೀಲರಾಗಿದ್ದವರು. ನಗರಸಭೆಗೆ ನಿಂತು ಸೋತು, ಮಸ್ಕತ್ತಿಗೆ ಬಂದು, ನಮ್ಮ ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಕ್ಲರ್ಕ್ ಆದರು. ಮಧ್ಯಾಹ್ನ ಮೀನುಸಾರಿನ ಡಬ್ಬಿ ತೆರೆದರೆಂದರೆ ಅಮೆರಿಕದ ಈ ವಕೀಲನ ಕಥೆ ಶುರು. ಎರವಲು ಪುಸ್ತಕ ಓದಿ ಕಾನೂನು ಕಲಿತವನು, ಕುದುರೆಯೇರಿ ಊರೂರಿನ ಕೋರ್ಟಿಗೆ ಹೋದವನು, ಶಾಸನಸಭೆಗೆ ಗೆದ್ದವನು. ಅಲ್ಲಿ ಗುಲಾಮರ ಪರವಾಗಿ ಒಂದು ಮತ ಹಾಕಿದ. ಮುಂದಿನ ಚುನಾವಣೆಯಲ್ಲಿ ಊರಿನವರು ಮನೆಗೆ ಕಳಿಸಿದರು.

"ಮತ್ತೆ ಎಂಥ ಮಾಡಿದ ಗೊತ್ತುಂಟಾ? ಪುನಃ ಕೋರ್ಟಿಗೆ ಹೋದ, ಅಷ್ಟೇ!" ಎಂದು ಸ್ವಂತ ಚಿಕ್ಕಪ್ಪನ ಸುದ್ದಿಯಂತೆ ಹಿಗ್ಗುತ್ತಿದ್ದರು. ನಾನು ತೂಕಡಿಸುತ್ತ ಹೂಂಗುಟ್ಟುತ್ತಿದ್ದೆ. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಮಸ್ಕತ್ತಿನ ಹೊರಗೆ ಬರ್ಕಾ ಎಂಬ ಊರಲ್ಲಿ ಕಂಪನಿಯ ತೋಟವಿತ್ತು. ಅಲ್ಲಿ ನೀರು ಬಿಡುತ್ತಿದ್ದ ಹಸನಬ್ಬನ ಹೆಂಡತಿ ಊರಲ್ಲಿ ಹಾಸಿಗೆ ಹಿಡಿದಿದ್ದಳು. ಅವನ ಪಾಸ್‌ಪೋರ್ಟ್ ಮ್ಯಾನೇಜರರ ಕಪಾಟಿನಲ್ಲಿ. ಅದನ್ನು ಕೊಟ್ಟು ಅವನನ್ನು ಊರಿಗೆ ಕಳಿಸಬೇಕೆಂದು ಲೋಬೋ ಸಾರ್ ಅರ್ಜಿ ಬರೆದರು. ಬರೆದದ್ದನ್ನು ಕಕ್ಷಿದಾರನಿಗೆ ತುಳುವಿನಲ್ಲಿ ಓದಿ ಹೇಳಿ, ಅವನ ಬಾಯಿಂದ ತಿರುಗಿ ಹೇಳಿಸದೆ ಹೆಬ್ಬೆಟ್ಟು ಒತ್ತಿಸುವವರಲ್ಲ ಅವರು. ಹಸನಬ್ಬ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದ. ಹೆಂಡತಿಯ ಹೆಸರು ಬಂದಾಗ ಅತ್ತುಬಿಟ್ಟ.

ಸಾರ್ ಕಾಗದವನ್ನು ನನ್ನತ್ತ ತಳ್ಳಿದರು. "ನನ್ನದೊಂದೇ ಸೈನ್ ಇದ್ರೆ ಜಗಳಗಂಟ ಅಂತಾರೆ. ನೀವೂ ಒಂದು ಹಾಕಿ ಮಾರಾಯ್ರೆ."

"ನಾಳೆ ಹಾಕ್ತೇನೆ ಸಾರ್" ಎಂದೆ. ನನ್ನ ಹೆಂಡತಿಯ ವೀಸಾದ ಕಾಗದ ಆಗ ಅದೇ ಮ್ಯಾನೇಜರರ ಮೇಜಿನ ಮೇಲಿತ್ತು. ಮರುದಿನ ಜ್ವರವೆಂದು ರಜೆ ಹಾಕಿದೆ.

ಒಂದೇ ಸಹಿಯ ಅರ್ಜಿ ಹೋಯಿತು. ಮ್ಯಾನೇಜರ್ "ಖಲಾಸ್" ಎಂದರಂತೆ. ವಾರದೊಳಗೆ ಕೆಲಸ ಹೋಗಿ ಲೋಬೋ ಸಾರ್‌ಗೆ ಊರಿನ ಟಿಕೆಟ್ ಬಂತು. ಹಸನಬ್ಬನಿಗೆ ಪಾಸ್‌ಪೋರ್ಟ್ ಸಿಗುವಷ್ಟರಲ್ಲಿ ಹೆಂಡತಿಯನ್ನು ದಫನ ಮಾಡಿಯಾಗಿತ್ತು. ಹೊರಡುವ ದಿನ ಸಾರ್ ನನ್ನ ಕೈ ಹಿಡಿದು, "ಜ್ವರ ಕಮ್ಮಿ ಆಯ್ತಾ?" ಎಂದು ಕೇಳಿದರು. ಅದರಲ್ಲಿ ಒಂದಿಷ್ಟೂ ವ್ಯಂಗ್ಯವಿರಲಿಲ್ಲ. ಅದನ್ನೇ ನನಗೆ ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಒಂದು ಫೋನ್ ಕೂಡ ನಾನು ಮಾಡಿರಲಿಲ್ಲ.

ಮನೆಗೆ ಬಂದು, ಚಿತ್ರ ಅಂಟಿಸುತ್ತ ಕೂತ ಮಗಳಿಗೆ ಇಷ್ಟೂ ಕಥೆ ಹೇಳತೊಡಗಿದೆ. ಸಾರ್ ಕಾಗದ ತಳ್ಳಿದಲ್ಲಿಗೆ ಬಂದು ನಿಲ್ಲಿಸಿದೆ.

ಅವಳು ತಲೆಯೆತ್ತಿ, "ಬಟ್ ಯು ಸೈನ್ಡ್, ರೈಟ್ ಪಪ್ಪ?" ಎಂದಳು.

"ಇಲ್ಲ ಮಗಾ. ಹಾಕಲಿಲ್ಲ. ಹೆದರಿದೆ."

ಯಾರ ವೀಸಾಕ್ಕಾಗಿ ಹೆದರಿದ್ದೆನೋ ಆ ಹೆಂಡತಿಗೂ ಇಷ್ಟು ವರ್ಷ ಈ ಮಾತು ಹೇಳಿರಲಿಲ್ಲ. ಅಡುಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುವ ಸದ್ದು ನಿಂತಿತು.