ಬಲೆಯ ನೂಲಿನ ಕೈಬಟ್ಟೆ

ಆ ಕಾಲದಲ್ಲಿ ಪಣಂಬೂರಿನಲ್ಲಿ ಬಂದರು ಇರಲಿಲ್ಲ. ಮರಳು, ದೋಣಿಗಳು, ಒಣಗಲು ಹರವಿದ ಬಲೆಗಳು, ನಡುವೆ ನಮ್ಮ ಮುಳಿಹುಲ್ಲಿನ ಮನೆ. ಎಲ್ಲಿಯೋ ದೊಡ್ಡ ಯುದ್ಧ ನಡೆಯುತ್ತಿತ್ತಂತೆ. ಅಂಗಡಿಯಲ್ಲಿ ನೂಲು ಸಿಗುತ್ತಿರಲಿಲ್ಲ. ಮಕ್ಕಳೇ, ನೀವು ಉಣ್ಣೆ ತಂದು "ಅಜ್ಜೀ, ಹೆಣಿಗೆ ಹೇಳಿಕೊಡಿ" ಎಂದಾಗ ನನಗೆ ಗೊತ್ತಿಲ್ಲ ಎಂದುಬಿಟ್ಟೆ. ಅದು ಪೂರ್ತಿ ನಿಜವಲ್ಲ. ಎದುರು ಕುಳಿತು ಹೇಳಲು ನಾಚಿಕೆ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಅಳಿಯಕಟ್ಟಿನ ಮನೆ. ಮನೆ ಅಜ್ಜಿಯದು, ಅವಳ ನಂತರ ಅಮ್ಮನದು. ಯಜಮಾನಿಕೆ ಮಾತ್ರ ಅಮ್ಮನ ಅಣ್ಣನದು. ಅವರನ್ನು ನಾನು ತಮ್ಮಲೆ ಎನ್ನುತ್ತಿದ್ದೆ. ಅವರ ಹೆಂಡತಿ, ಮಕ್ಕಳು ಪಕ್ಕದ ಊರಿನಲ್ಲಿ ಆಕೆಯ ತಾಯಿಮನೆಯಲ್ಲಿದ್ದರು. ನನ್ನ ಅಪ್ಪ ನನಗೆ ನೆನಪು ಬರುವ ಮೊದಲೇ ತೀರಿಹೋಗಿದ್ದರು.

ಬೇಸಿಗೆಯಲ್ಲಿ ತಮ್ಮಲೆ ಒಳ್ಳೆಯವರು. ಬಲೆಯ ಗಂಟು ಹಾಕುವುದನ್ನು ನನಗೆ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದು ಅವರೇ. ಮಳೆ ಬಿದ್ದು ಕಡಲು ಕೆರಳಿತೆಂದರೆ ದೋಣಿ ಇಳಿಸುವಂತಿಲ್ಲ. ಆಗ ಅವರು ಜಗಲಿಯಲ್ಲಿ ಕುಳಿತು ಹರಿದ ಬಲೆ ಕಟ್ಟುವರು, ಕಳ್ಳು ಕುಡಿಯುವರು, ಹೊಡೆಯುವರು. ಗಂಜಿ ಕುದಿಯುತ್ತಿರುವಾಗಲೇ ಎದುರಿಗೆ ಬರಬೇಕು. ಒಮ್ಮೆ ಆರಿದ ಗಂಜಿಯನ್ನು ಅಮ್ಮನ ತಲೆಯ ಮೇಲೆಯೇ ಸುರಿದಿದ್ದರು. ಆಮೇಲೆ ಅಮ್ಮ ತಡಮಾಡುತ್ತಿರಲಿಲ್ಲ. ಸೆರಗಿನ ತುದಿಯಲ್ಲಿ ಮಡಕೆ ಹಿಡಿದು ಓಡುತ್ತಿದ್ದಳು. ಅವಳ ಬೆರಳುಗಳ ಚರ್ಮ ಆ ಮಳೆಗಾಲವೆಲ್ಲ ಸುಲಿದೇ ಇತ್ತು. ಉಪ್ಪು ಮೀನು ತೊಳೆಯುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ನಾನು ನಾಲ್ಕನೆಯ ತರಗತಿ. ಶಾಲೆಗೆ ಹೊಸ ಟೀಚರ್ ಬಂದಿದ್ದರು, ಶನಿವಾರ ಹುಡುಗಿಯರಿಗೆ ಹೆಣಿಗೆ ಕಲಿಸುತ್ತಿದ್ದರು. ಮೊದಲ ಕೆಲಸ, ಬಿಸಿ ಮಡಕೆ ಹಿಡಿಯುವ ಕೈಬಟ್ಟೆ. ಅದನ್ನು ಕೇಳಿದ ಕ್ಷಣವೇ ಅಮ್ಮನ ಬೆರಳು ನನ್ನ ಕಣ್ಣೆದುರಿಗೆ ಬಂತು.

"ಇಪ್ಪತ್ತು ಕುಣಿಕೆ ಏರಿಸಿ. ಒಳಗೆ ಹೋಗಿ, ನೂಲು ಸುತ್ತಿ, ಹೊರಗೆ ಎಳೆಯಿರಿ, ಹಳೆಯದನ್ನು ಬಿಡಿ. ಅಷ್ಟೇ ಉಂಟು. ನಲವತ್ತು ಸಾಲಾದರೆ ಚೌಕ ಆಗ್ತದೆ," ಎಂದರು ಟೀಚರ್. ಬಿದಿರಿನ ಕಡ್ಡಿ ಅವರೇ ಕೊಟ್ಟರು. ನೂಲು ಮನೆಯಿಂದ ತರಬೇಕು.

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ನೂಲು. ತಮ್ಮಲೆಯ ಬಲೆಯ ನೂಲು, ತೊಗಟೆಯ ಕಷಾಯದಲ್ಲಿ ಅದ್ದಿ ಕೆಂಪಾದದ್ದು, ಅಟ್ಟದ ಪಕಾಸಿನ ಮರಕ್ಕೆ ಉಂಡೆಯಾಗಿ ನೇತಾಡುತ್ತಿತ್ತು. ಅವರು ಕುಡಿದು ಮಲಗಿದ ಒಂದು ಮಧ್ಯಾಹ್ನ ಒಳಗಿನ ಸುತ್ತಿನಿಂದ ಎಳೆದು ತುಂಡು ಮಾಡಿಕೊಂಡೆ. ಹೊರಗಿನಿಂದ ಉಂಡೆ ಹಾಗೆಯೇ ಕಂಡಿತು.

ನಾಲ್ಕನೆಯ ಸಾಲಿಗೆ ಒಂದು ಕುಣಿಕೆ ಜಾರಿತು, ಅದರ ಹಿಂದೆ ಕೆಳಗಿನದೂ ಜಾರಿತು. ನನಗೆ ಗಾಬರಿ. ಬಲೆಯಲ್ಲಿ ಒಂದು ಕಣ್ಣು ಹರಿದರೆ ಪಕ್ಕದ್ದು ನಿಲ್ಲುತ್ತದೆ, ಪ್ರತಿಯೊಂದಕ್ಕೂ ಅದರದೇ ಗಂಟು. ಇದೆಂತಹ ಹೆಣಿಗೆ? ಹಾಗಾಗಿ ಜಾರಿದಲ್ಲೆಲ್ಲ ತಮ್ಮಲೆ ಕಲಿಸಿದ ಗಂಟು ಬಿಗಿದೆ. ಆಮೇಲೆ ಧೈರ್ಯ ಸಾಲದೆ ಜಾರದ ಕಡೆಯೂ ಬಿಗಿದೆ.

ಟೀಚರ್ ಅದನ್ನು ಎತ್ತಿ ನೋಡಿದರು. "ಎಂತ ಮಾರಾಯ್ತಿ ಇದು, ಬಂಗುಡೆ ಹಿಡಿಯಲಿಕ್ಕಾ? ಹೆಣಿಗೆಯಲ್ಲಿ ಗಂಟು ಇಲ್ಲ. ಬಿಚ್ಚು!" ಬಿಚ್ಚಲು ಬರಲಿಲ್ಲ. ಕಡ್ಡಿಯಿಂದ ಗೆಣ್ಣುಗಳ ಮೇಲೆ ನಾಲ್ಕು ಬಿತ್ತು. ಹುಡುಗಿಯರು ನಕ್ಕರು. ನಾನು ಅಳಲಿಲ್ಲ, ಅಳುವಷ್ಟು ದೊಡ್ಡ ಪೆಟ್ಟು ಅದಲ್ಲ ಎಂದು ನಮ್ಮ ಮನೆಯ ಮಕ್ಕಳಿಗೆ ಗೊತ್ತಿರುತ್ತದೆ.

ಹೇಗೋ ಮುಗಿಸಿ ಮನೆಗೆ ತಂದ ಚೌಕ ಒರಟಾಗಿ, ದಪ್ಪವಾಗಿ, ಒಂದು ಬದಿಗೆ ಸೊಟ್ಟಗಿತ್ತು. ಅಮ್ಮ ಅದರಲ್ಲಿ ಮಡಕೆ ಹಿಡಿದಳು. "ಪದ್ದು, ಬಿಸಿ ತಾಗುವುದೇ ಇಲ್ಲ ನೋಡು!" ಎಂದು ನಕ್ಕಳು. ನೂಲು ಎಲ್ಲಿಯದು ಎಂದು ಅವಳು ಕೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಗಂಜಿ ಇಳಿಸುವಾಗ ತಮ್ಮಲೆ ಅಡಿಗೆಕೋಣೆಗೆ ಬಂದರು, ಕೈಯಲ್ಲಿ ಸಣಕಲಾದ ನೂಲಿನುಂಡೆ. ಅಮ್ಮನ ಕೈಯ ಕೆಂಪು ಚೌಕವನ್ನು ನೋಡಿದರು. ಕಿತ್ತುಕೊಂಡು ಗಂಟು ಸವರಿದರು.

"ಇದು ನನ್ನ ಗಂಟು. ಯಾರು ಹಾಕಿದ್ದು?"

"ನಾನು," ಎಂದೆ.

"ಬಿಚ್ಚು. ನನ್ನ ನೂಲು ನನಗೆ ಬೇಕು."

ಕುಳಿತು ಬಿಚ್ಚತೊಡಗಿದೆ. ನೀರು ಕುಡಿದ ಗಂಟು ಕಲ್ಲಾಗಿತ್ತು. ಬಿಚ್ಚದ ಒಂದೊಂದು ಗಂಟಿಗೂ ಒಂದೊಂದು ಏಟು, ಕಪಾಳಕ್ಕೆ, ಬೆನ್ನಿಗೆ. ಉಗುರು ಮುರಿದು ರಕ್ತ ಬಂತು. ಹಲ್ಲಿನಿಂದ ಎಳೆದೆ.

"ಅಣ್ಣ, ಸಾಕು. ಮಗು ಅದು," ಎಂದಳು ಅಮ್ಮ.

"ಕಳ್ಳಿ ಅದು! ನನ್ನ ಗಂಟು ಕದ್ದು ನನಗೇ ಆಟವಾ? ಬಿಸಿ ತಾಗಬಾರದಲ್ಲ ನಿಮಗೆ? ಬಾ, ತಾಗಿಸ್ತೇನೆ."

ನನ್ನ ಎಡಗೈಯನ್ನು ಎಳೆದು ಕುದಿಯುವ ಮಡಕೆಯ ಹೊಟ್ಟೆಗೆ ಒತ್ತಿದರು. ಚರ್ಮ ಅಂಟಿದ ಸದ್ದು ನನಗೆ ಕೇಳಿಸಿತು. ನನ್ನ ಕೂಗು ಆಮೇಲೆ ಬಂತು.

ಅಮ್ಮ ಒಲೆಯಿಂದ ಉರಿಯುವ ಕೊಳ್ಳಿ ಎಳೆದಳು. ಅವರ ಮುಖಕ್ಕೆ ಬೀಸಿದಳು. ಮತ್ತೊಮ್ಮೆ ಬೀಸಿದಳು. ಕೂದಲು ಸುಟ್ಟ ವಾಸನೆ, ಕಿಡಿ, ಒಡೆದ ಮಡಕೆ, ನೆಲವೆಲ್ಲ ಗಂಜಿ. ತಮ್ಮಲೆ ಕಿವಿ ಮುಚ್ಚಿಕೊಂಡು ಅದರಲ್ಲಿ ಜಾರಿ ಬಿದ್ದರು. ಅಮ್ಮ ಮೂರನೆಯ ಸಲ ಎತ್ತಿದಾಗ ಅಜ್ಜಿ ಬಂದು ಅವಳ ಕೈ ಹಿಡಿದಳು.

ಅಜ್ಜಿ ಮಗನ ಕಡೆಗೇ ನಿಲ್ಲುತ್ತಾಳೆಂದು ನಾನು ತಿಳಿದಿದ್ದೆ. ಅವಳು ನನ್ನ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು.

"ಮನೆ ನನ್ನದು, ಮಗಾ," ಎಂದಳು, ಸ್ವರ ಏರಿಸದೆ. "ನಿನ್ನ ಹೆಂಡತಿಯ ಮನೆ ಉಂಟಲ್ಲ, ಅಲ್ಲಿಗೆ ನಡೆ. ಕರೆಯದೆ ಈ ಮೆಟ್ಟಿಲು ಹತ್ತಬೇಡ."

ಅವರು ಮಳೆಯಲ್ಲೇ ಹೊರಟರು. ಅರ್ಧ ಕಟ್ಟಿದ ಬಲೆ ಜಗಲಿಯಲ್ಲಿ ಉಳಿಯಿತು.

ದೋಣಿಯಲ್ಲಿ ಗಂಡಸಿಲ್ಲದ ಮನೆಗೆ ಮೀನಿನ ಪಾಲು ಇಲ್ಲ. ಮಳೆ ಬಿಟ್ಟ ಮೇಲೆ ಅಮ್ಮ ದಡದಲ್ಲಿ ಮೀನು ಕೊಂಡು, ಕೂಳೂರಿನ ಕಡವಿನಲ್ಲಿ ದೋಣಿ ಹತ್ತಿ ಹೊಳೆ ದಾಟಿ ದೇರೆಬೈಲಿನವರೆಗೆ ಹೊತ್ತು ಮಾರಿದಳು. ಚಿಕ್ಕ ಬುಟ್ಟಿ ನನ್ನ ತಲೆಗೆ. ಶಾಲೆ ಅಲ್ಲಿಗೆ ಮುಗಿಯಿತು, ಹೆಣಿಗೆಯೂ. ಎಡಗೈಯ ಎರಡು ಬೆರಳು ಮಡಚದ್ದರಿಂದ ಕಡ್ಡಿ ಹಿಡಿಯಲು ಮತ್ತೆ ಆಗಲಿಲ್ಲ. ಅಮ್ಮನ ಬೆರಳುಗಳು ಮಾತ್ರ ಆ ವರ್ಷವೇ ಮಾಗಿದವು.

ಅಜ್ಜಿ ಹೋದಳು. ಬಹಳ ವರ್ಷಗಳ ಮೇಲೆ ಅಮ್ಮನೂ ಹೋದಳು. ಅಮ್ಮನನ್ನು ಚಾವಡಿಯಲ್ಲಿ ಮಲಗಿಸಿದ್ದಾಗ ತಮ್ಮಲೆ ಬಂದರು. ಮುದುಕರಾಗಿದ್ದರು, ಒಂದು ಕಿವಿ ಮುದುಡಿತ್ತು. ಅಂಗಳದಲ್ಲಿ ನಿಂತರು, ಮೆಟ್ಟಿಲು ಹತ್ತಲಿಲ್ಲ. ಮನೆ ಆಗ ನನ್ನದು, ಕರೆಯಬೇಕಾದವಳು ನಾನು. ಎಲ್ಲರೂ ನನ್ನ ಮುಖ ನೋಡಿದರು. ನಾನು ಕರೆಯಲಿಲ್ಲ. ತಮ್ಮ ತಂಗಿಯನ್ನು ಹೊರಗೆ ತರುವವರೆಗೂ ಅವರು ಬಿಸಿಲಿನಲ್ಲಿ ನಿಂತೇ ಇದ್ದರು.

ಬಂದರು ಬಂದಾಗ ಆ ಮನೆ, ಅಂಗಳ, ಮೆಟ್ಟಿಲು ಎಲ್ಲ ಹೋಯಿತು. ಅಲ್ಲಿ ಈಗ ಹಡಗು ನಿಲ್ಲುವ ನೀರು. ಕೆಲವು ದಿನ ಬೆಳಿಗ್ಗೆ ಏಳುವಾಗ, ಇವತ್ತು ಕರೆಯುತ್ತಿದ್ದೆನೋ ಏನೋ ಎಂದು ಯೋಚಿಸುತ್ತೇನೆ. ಕೆಲವು ದಿನ, ಇಲ್ಲ ಎನಿಸುತ್ತದೆ.