ಐಸಿಯುಗೆ ಹೋಗುವ ದಾರಿ

ನರ್ಸಿಂಗ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಗಂಡಸರ ವಾರ್ಡಿಗೆ ಸೇರಿದಾಗ ನನ್ನ ಕೆಲಸವನ್ನು ಏನೆಂದು ಹೇಳಬೇಕೆಂಬುದೇ ಮನೆಯವರಿಗೆ ತಿಳಿಯುತ್ತಿರಲಿಲ್ಲ. ಹತ್ತಿ ವ್ಯಾಪಾರದ ನನ್ನ ಅಣ್ಣ, ಯಾರಾದರೂ ಕೇಳಿದರೆ ದವಾಖಾನೆಯಲ್ಲಿದ್ದಾನೆ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದ. ವಾರ್ಡಿನಲ್ಲಿ ಭಾರದ ರೋಗಿಗಳನ್ನು ಎತ್ತಬೇಕಾದಾಗಲೆಲ್ಲ ನನ್ನನ್ನೇ ಕೂಗುತ್ತಿದ್ದರು. ಗಂಡು ನರ್ಸ್ ಇರುವುದು ಅದಕ್ಕೇ ಎಂದು ನಾನೂ ಸ್ವಲ್ಪ ನಂಬಿಬಿಟ್ಟಿದ್ದೆ.

ಒಂದು ಮಧ್ಯಾಹ್ನ, ನ್ಯುಮೋನಿಯಾ ಆಗಿ ಆಗಷ್ಟೇ ಸೇರಿದ್ದ ಕೇಶ್ವಾಪುರದ ಕಿರಾಣಿ ಅಂಗಡಿಯವರೊಬ್ಬರು ಉಸಿರಿಗೆ ಒದ್ದಾಡತೊಡಗಿದರು. ಆಕ್ಸಿಜನ್ ಹಚ್ಚಿದಂತೆಯೇ ಅವರನ್ನು ಸ್ಟ್ರೆಚರಿನಲ್ಲಿ ಐಸಿಯುಗೆ ಒಯ್ದೆ. ಅಲ್ಲಿ ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಹಾಕಿದರು. ನನ್ನ ಕೆಲಸ ಮುಗಿದಿತ್ತು, ಆದರೆ ಕಾಲು ಏಳಲಿಲ್ಲ. ಅಲ್ಲಿನ ಹೆಡ್ ಸಿಸ್ಟರ್ ತಿರುಗಿ ನೋಡಿದರು.

"ಇನ್ನೂ ಯಾಕ ನಿಂತಿ, ತಮ್ಮಾ?"

"ಇಲ್ಲೆ ಕೆಲಸಾ ಮಾಡಬೇಕಂದ್ರ ಏನ್ ಮಾಡಬೇಕ್ರಿ, ಸಿಸ್ಟರ್?"

ಕೆಲಸ ಬಿಡದೆಯೇ ಅವರು ಹೇಳಿದರು: ಮೊದಲು ವಾರ್ಡಿನಲ್ಲಿ ಒಂದು ವರ್ಷ, ಆಮೇಲೆ ಇಲ್ಲಿ ಕಲಿಯಬೇಕು, ಆಮೇಲೆ ಕ್ರಿಟಿಕಲ್ ಕೇರ್ ಕೋರ್ಸ್. ಕೇಳಲು ಸರಳವಾಗಿತ್ತು. ನಾನು ಬೇರೆಯವರನ್ನೂ ಕೇಳಿದ್ದರಿಂದ ಎಲ್ಲ ಗೋಜಲಾಯಿತು. ಗಂಡು ಹುಡುಗರಿಗೆ ತುರ್ತು ಚಿಕಿತ್ಸೆಯ ಕ್ಯಾಜುವಲ್ಟಿಯೇ ಸರಿ ಎಂದರು ನರ್ಸುಗಳ ಮೇಲ್ವಿಚಾರಕಿ ಮೇಟ್ರನ್. ಕೋರ್ಸಿನಿಂದ ಏನೂ ಬರುವುದಿಲ್ಲ, ಮಾಡುತ್ತ ಮಾಡುತ್ತ ಕೈಯೇ ಕಲಿಯುತ್ತದೆ ಎಂದರು ವಾರ್ಡಿನ ಡಾಕ್ಟರು. ಬಿಎಸ್ಸಿ ಇಲ್ಲದೆ ಯಾರೂ ಕೇಳುವುದಿಲ್ಲ ಎಂದ ಧಾರವಾಡದ ಗೆಳೆಯ. ದುಬೈಗೆ ಹೋದರೆ ಇದ್ಯಾವುದರ ತಲೆನೋವೂ ಇಲ್ಲ ಎಂದರು ಅಣ್ಣನ ಹೆಂಡತಿ, ನಮ್ಮ ವೈನಿ. ಮನೆಗೆ ಹೋಗಲು ಬಸ್ಸು ಹತ್ತುವಾಗ ಒಂದು ತೀರ್ಮಾನ ಮಾಡಿದ್ದರೆ, ನವನಗರದಲ್ಲಿ ಇಳಿಯುವಾಗ ಅದು ಬೇರೆಯಾಗಿರುತ್ತಿತ್ತು.

ಡ್ಯೂಟಿ ಮುಗಿದ ಮೇಲೆ ದಿನಾ ಆ ಅಂಗಡಿಯವರನ್ನು ನೋಡಲು ಹೋಗುತ್ತಿದ್ದೆ. ಅವರಿಗೆ ಮಾತಾಡಲು ಆಗುತ್ತಿರಲಿಲ್ಲ. ಕೈ ಹಿಡಿದು, ಇವತ್ತು ಯಾವ ವಾರ, ಮಗ ಹೊರಗೆ ಕೂತಿದ್ದಾನೆ, ನಾನು ವಾರ್ಡಿನ ಹುಡುಗ ಎಂದೆಲ್ಲ ಹೇಳುತ್ತಿದ್ದೆ. ಅವರು ನನ್ನ ಬೆರಳು ಒತ್ತುತ್ತಿದ್ದರು. ಒಬ್ಬ ಮನುಷ್ಯ ನನ್ನನ್ನು ಇಷ್ಟು ಚೆನ್ನಾಗಿ ಗುರುತಿಸಿದ್ದು ಅದೇ ಮೊದಲು ಅನ್ನಿಸುತ್ತಿತ್ತು.

ಅವರು ಚೇತರಿಸಿಕೊಂಡು ವಾರ್ಡಿಗೆ ಮರಳಿದ ದಿನ ಖುಷಿಯಿಂದ ಹೋಗಿ, ಹೇಗಿದ್ದೀರಿ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

"ಛಲೋ ಅದೀನ್ರಿ. ನೀವು ಹೊಸದಾಗಿ ಬಂದೀರೇನ್ರಿ?"

ಹೂಂ ಎಂದು ಹಾಸಿಗೆಯ ಚಾದರ ಬದಲಿಸಿ ಬಂದುಬಿಟ್ಟೆ. ನನಗೆ ಆದದ್ದು ಬೇಸರವೋ ನಾಚಿಕೆಯೋ ತಿಳಿಯಲಿಲ್ಲ. ಹೆಡ್ ಸಿಸ್ಟರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಇಲ್ಲಿದ್ದದ್ದು ಭಾಳ ಮಂದಿಗೆ ನೆನಪ ಇರಂಗಿಲ್ಲಪಾ. ಅವರಿಗೆ ಅದ ಛಲೋ. ನಿನಗ ನಡೀತದೇನು, ನೋಡ್ಕೋ."

ಯಾರ ನೆನಪಿನಲ್ಲೂ ಉಳಿಯದ ಕೆಲಸ ನನಗೆ ನಡೆಯುತ್ತದೋ ಇಲ್ಲವೋ ಗೊತ್ತಾಗದೆ ತಿಂಗಳುಗಳು ಕಳೆದವು. ಕೋರ್ಸು, ಬಿಎಸ್ಸಿ, ದುಬೈ ಎಂಬ ಗೊಂದಲದ ಕೆಳಗೆ ಈಗ ಇನ್ನೊಂದು ಪ್ರಶ್ನೆ ಕೂತಿತ್ತು, ಅದನ್ನು ಯಾರ ಹತ್ತಿರ ಕೇಳುವಂತೆಯೂ ಇರಲಿಲ್ಲ. ವರ್ಷ ತುಂಬಿದ ಮೇಲೆ ಐಸಿಯುನಲ್ಲಿ ನರ್ಸುಗಳು ಕಡಿಮೆಯಾಗಿ ಮೇಟ್ರನ್ ಅವರೇ ನನ್ನನ್ನು ಅಲ್ಲಿಗೆ ಹಾಕಿದರು. ನಾನು ಬೇಡವೆನ್ನಲಿಲ್ಲ. ಅಲ್ಲಿ ಒಂದಷ್ಟು ಕಾಲ ಕಳೆದು ಕೋರ್ಸಿಗೂ ಅರ್ಜಿ ಹಾಕಿದೆ. ಸಂದರ್ಶನದಲ್ಲಿ, ಇದೇ ಕೆಲಸ ಏಕೆ ಎಂದು ಕೇಳಿದರು. ರೋಗಿ ಆಮೇಲೆ ನೆನಪಿಡದಿದ್ದರೂ ಆ ಹೊತ್ತಿಗೆ ಕೈ ಹಿಡಿಯಲು ಒಬ್ಬರು ಬೇಕಲ್ಲ ಎಂದೆ. ಆ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ, ಅವರಿಗೆ ಆಯಿತು.