ಸೆರೇಮಾ ತಪ್ಪಿಸಿಕೊಂಡ ದಾರಿ

ಸೆರೇಮಾ ನನ್ನ ಓರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ದೊಡ್ಡ ದ್ವೀಪದ ಕರಾವಳಿಯ ವುನಿವಾಸಾ ಅನ್ನುವ ಊರಿನಿಂದ ನಮ್ಮ ತವೆಯುನಿ ದ್ವೀಪಕ್ಕೆ ಮದುವೆಯಾಗಿ ಬಂದವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಚಾಪೆ ನೇಯಲು ಕೂತರೆ ಕೇದಗೆ ಗರಿ ಅವಳ ಬೆರಳಿಗೆ ಹೆದರಿ ತಾನೇ ಓಡುತ್ತಿದೆಯೇನೋ ಅನ್ನಿಸುತ್ತಿತ್ತು. ಅಂಥವಳು ಒಂದು ಮಾತು ಬಂದರೆ ಮಾತ್ರ ತಲೆ ತಗ್ಗಿಸಿ ಸುಮ್ಮನೆ ಗರಿ ಸೀಳುತ್ತ ಕೂರುತ್ತಿದ್ದಳು. ಅದು ಅವಳ ಮಗಳು ವಾಸೆವಾಳ ಮುಖದ ಮಾತು.

ನಮ್ಮಲ್ಲಿ ಮಗು ಹುಟ್ಟಿದರೆ ತಾಯಿಯ ತವರಿಗೆ ಅದರ ಮುಖ ಒಯ್ಯಬೇಕು. ಸುಮ್ಮನೆ ಸೊಂಟದ ಮೇಲೆ ಕೂರಿಸಿಕೊಂಡು ಹೋಗುವಂತಿಲ್ಲ. ಚಾಪೆಗಳ ಹೊರೆ, ಸೀಮೆಎಣ್ಣೆ ಪೀಪಾಯಿ, ತಿಮಿಂಗಿಲದ ಹಲ್ಲು ಎಲ್ಲ ಮುಂದಿಟ್ಟು, ‘ಇಗೋ ನಿಮ್ಮ ಮಗಳ ಮಗಳು’ ಅಂತ ತೋರಿಸಬೇಕು. ಅಲ್ಲಿಯವರೆಗೆ ಮಗು ಆ ಊರಿಗೆ ಕಾಲಿಡಬಾರದು, ಸೋದರಮಾವನ ಕಣ್ಣಿಗೂ ಬೀಳಬಾರದು.

ಸೆರೇಮಾ ಚಾಪೆ ನೇಯಲಿಲ್ಲ ಅಂತಲ್ಲ. ಮೊದಲ ಹೊರೆ ಮುಗಿಯುವ ಹೊತ್ತಿಗೆ ನಮ್ಮ ಮಾವ ಹೋದರು, ಚಾಪೆ ಅವರ ಮಣ್ಣಿಗೆ ಹೋಯಿತು. ಇನ್ನೊಂದು ಹೊರೆಯನ್ನು ಚಂಡಮಾರುತ ಮನೆಯ ಮಾಡಿನ ಸಮೇತ ಹೊತ್ತುಕೊಂಡು ಹೋಯಿತು. ಆಮೇಲೆ ನೇಯ್ದದ್ದು ಅವಳ ಗಂಡನ ಜೊತೆಗೇ ಗುಂಡಿಗಿಳಿಯಿತು. ಅಷ್ಟರಲ್ಲಿ ಅವಳ ಅಮ್ಮ ಸತ್ತ ಸುದ್ದಿ ಬಂತು. ಮಗಳನ್ನು ನನ್ನ ಹತ್ತಿರ ಬಿಟ್ಟು ಒಬ್ಬಳೇ ಹೋಗಿ ಬಂದಳು.

“ಅಮ್ಮ ಕಡೇ ದಿನಗಳಲ್ಲಿ ಬಾಗಿಲ ಕಡೆ ನೋಡಿ ನೋಡಿ ಕೇಳ್ತಿದ್ಲಂತೆ ಅಕ್ಕಾ, ಮಗೂನ ಕರ್ಕೊಂಡು ಬಂದ್ಲಾ ಅಂತ.”

ಅಷ್ಟು ಹೇಳಿ ಒಳಗೆ ಹೋದಳು. ಅಲ್ಲಿಂದಾಚೆ ತವರಿಗೆ ಹೋಗಲಿಲ್ಲ, ಆ ಊರಿನ ರಸ್ತೆಯನ್ನೂ ತುಳಿಯಲಿಲ್ಲ. ಏನಾದರೂ ಕೆಲಸಕ್ಕೆ ಆ ದ್ವೀಪದ ಆಚೆ ತುದಿಯ ನಾಂದಿ ಪಟ್ಟಣಕ್ಕೆ ಹೋಗಬೇಕಾಗಿ ಬಂದರೆ ಸಾಲ ಮಾಡಿಯಾದರೂ ವಿಮಾನದಲ್ಲೇ ಹೋಗುವಳು. ಕೇಳಿದರೆ, “ಬಸ್ಸಲ್ಲಿ ಹೊಟ್ಟೆ ತೊಳಸತ್ತೆ” ಅನ್ನುವಳು.

ವಾಸೆವಾ ದೊಡ್ಡವಳಾದಳು. ಆಸ್ಟ್ರೇಲಿಯಾದಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ ಸಿಕ್ಕಿತು. ನಾಲ್ಕು ವರ್ಷದ ಕರಾರು. ಅವಳನ್ನು ಕಳಿಸಿಕೊಡಲು ನಾವಿಬ್ಬರೂ ಜೊತೆಗೆ ಹೊರಟೆವು. ನಮ್ಮೂರಿನ ಪುಟ್ಟ ವಿಮಾನದಲ್ಲಿ ದೊಡ್ಡ ದ್ವೀಪದ ನೌಸೋರಿಗೆ, ಅಲ್ಲಿಂದ ಇನ್ನೊಂದರಲ್ಲಿ ನಾಂದಿಗೆ, ನಾಂದಿಯಿಂದ ಸಂಜೆ ಅವಳ ದೊಡ್ಡ ವಿಮಾನ.

ನೌಸೋರಿಯಲ್ಲಿ ಇಳಿದಾಗ ಜಡಿಮಳೆ, ಆಕಾಶವೇ ನೆಲಕ್ಕೆ ಬಿದ್ದಿತ್ತು. ಕೌಂಟರಿನ ಹುಡುಗಿ ಹೇಳಿದಳು:

“ನಾಂದಿ ವಿಮಾನ ತಡ ಅಮ್ಮಾ. ಹೋದ್ರೆ ಹೋಯ್ತು, ಇಲ್ಲಾಂದ್ರೆ ಇಲ್ಲ. ಮುಂದೆ ಬೇರೆ ವಿಮಾನ ಹಿಡಿಯೋರು ರಸ್ತೇಲಿ ಹೋಗ್ಬಿಡಿ. ಈಗಲೇ ಹೊರಟ್ರೆ ಸಿಗತ್ತೆ.”

“ಕಾಯೋಣ” ಅಂದಳು ಸೆರೇಮಾ.

“ಅಮ್ಮಾ, ಮೋಡ ನೋಡು” ಅಂದಳು ವಾಸೆವಾ.

“ಮೋಡ ಬರತ್ತೆ, ಹೋಗತ್ತೆ.”

“ಇವತ್ತು ನಾನು ಹತ್ತದಿದ್ರೆ ನನ್ನ ಜಾಗಕ್ಕೆ ಬೇರೆಯವಳನ್ನ ಹಾಕ್ತಾರೆ. ಮೊದಲೇ ಹೇಳಿದಾರಲ್ಲ!”

ಸೆರೇಮಾ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟಳು. ಮಗಳು ಆಸ್ಟ್ರೇಲಿಯಾದಲ್ಲಿ ಮಲಗಲಿ ಅಂತ ನೇಯ್ದ, ಅಂಚಿಗೆ ಕೆಂಪು ಉಲ್ಲನ್ ಕುಚ್ಚಿನ ಒಂದು ಚಾಪೆಯ ಸುರುಳಿ ಅವಳ ತೊಡೆಯ ಮೇಲಿತ್ತು. ನಾನು ಪಕ್ಕಕ್ಕೆ ಸರಿದು ಕೇಳಿದೆ:

“ಏ ಸೆರೇಮಾ, ವಿಮಾನ ಕಾಯ್ತಿದೀಯೋ, ಊರಲ್ಲಿರೋ ಅಣ್ಣನಿಗೆ ಹೆದರ್ತಿದೀಯೋ?”

“ಆ ರಸ್ತೆ ನಮ್ಮೂರ ಹೊಟ್ಟೆ ಮೇಲೇ ಹೋಗತ್ತೆ ಅಕ್ಕಾ. ಅಮ್ಮನ ಗೋರಿ ರಸ್ತೆಗೇ ಕಾಣತ್ತೆ. ಅದರ ಮುಂದೆ ಇವಳನ್ನ ಕಳ್ಳಮಾಲು ಸಾಗಿಸಿದ ಹಾಗೆ ಸಾಗಿಸ್ಲಾ?”

ಮಗಳಿಗೆ ಕೇಳಿಸಿತು. “ಇಷ್ಟು ವರ್ಷ ನಾನು ಕಳ್ಳಮಾಲೇ ಆಗಿದ್ನಾ ಅಮ್ಮಾ?” ಅಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ. ಸೆರೇಮಾ ಚಾಪೆ ಹೆಗಲಿಗೇರಿಸಿ, “ನಡೀರಿ” ಅಂದಳು.

ಹೊರಗೆ ಪೌಲಿಯಾಸಿ ಅನ್ನುವವನ ವ್ಯಾನು ನಿಂತಿತ್ತು. ಅವನ ಕಡೆಯವರಿಗೂ ನಮ್ಮ ಕಡೆಯವರಿಗೂ ಹಿಂದಿನಿಂದ ಹಾಸ್ಯದ ನಂಟು, ಏನಂದರೂ ನಡೆಯುತ್ತದೆ.

“ತವೆಯುನಿಯವರಾ? ಅಯ್ಯೋ ದೇವರೇ! ಇಳಿಯೋವಾಗ ಸೀಟು ಎಣಿಸ್ಕೋಬೇಕು ನಾನು.”

“ನಿನ್ನ ಸೀಟು ಯಾರಿಗೆ ಬೇಕೋ? ನಿಮ್ಮೂರಲ್ಲಿ ಅದರ ಜಿರಲೆಗಳನ್ನೂ ಹುರಿದು ತಿಂತಾರಂತಲ್ಲ” ಅಂದೆ ನಾನು.

“ತಿಂತೀವಿ ಅಜ್ಜೀ, ನಿಮ್ಮ ಕೆಸುವಿನ ಗೆಡ್ಡೆಗಿಂತ ನಾಲಿಗೆ ತುರಿಕೆ ಕಮ್ಮಿ.”

ಬೇರೆ ದಿನವಾಗಿದ್ದರೆ ಸೆರೇಮಾ ಅವನ ಏಳು ತಲೆಮಾರನ್ನು ಎಳೆದು ಹಾಕುತ್ತಿದ್ದಳು. ಅವತ್ತು ಕಿಟಕಿ ನೋಡುತ್ತ ಕೂತಿದ್ದಳು. ಸುವಾ ಪಟ್ಟಣ ದಾಟಿ ಸ್ವಲ್ಪ ದೂರ ಬಂದರೆ ಮಳೆಯೇ ಇಲ್ಲ, ಬಿಸಿಲು. “ನೋಡಿದ್ರಾ, ಕಾಯಬಹುದಿತ್ತು” ಅಂದಳು.

ಸಮುದ್ರದ ವಾಸನೆ ಬರತೊಡಗಿದ ಮೇಲೆ ಅವಳು ಚೀಲದಿಂದ ಒಂದು ಹೂವಿನ ಬಟ್ಟೆ ತೆಗೆದಳು.

“ವಾಸೆವಾ, ಸೀಟಿನ ಕೆಳಗೆ ಬಗ್ಗಿ ಕೂತ್ಕೋ. ಊರು ದಾಟೋವರೆಗೆ.”

ಬೆಳೆದ ಹುಡುಗಿ. ಹೊಸ ಬಟ್ಟೆ, ಹೊಸ ಬಿಳಿ ಬೂಟು. ಅಮ್ಮನನ್ನು ಒಂದು ಸಲ ನೋಡಿ ಎರಡು ಸೀಟಿನ ನಡುವೆ ಮಡಚಿ ಕೂತಳು. ಸೆರೇಮಾ ಮೇಲೆ ಬಟ್ಟೆ ಹೊದಿಸಿ, ಅದರ ಮೇಲೆ ಕೈ ಇಟ್ಟುಕೊಂಡಳು. ಪೌಲಿಯಾಸಿ ಕನ್ನಡಿಯಲ್ಲಿ ನೋಡಿದ. ಅವನಿಗೂ ಹಾಸ್ಯ ಹುಟ್ಟಲಿಲ್ಲ.

ವುನಿವಾಸಾದ ನಡುವೆ ರಸ್ತೆಗೆ ಉಬ್ಬು ಹಾಕಿದ್ದಾರೆ. ಯಾವ ಗಾಡಿಯಾದರೂ ಅಲ್ಲಿ ತೆವಳಲೇಬೇಕು. ಉಬ್ಬಿನ ಪಕ್ಕದಲ್ಲೇ ಬೇಯಿಸಿದ ಜೋಳದ ತೆನೆ ಮಾರುವ ಚಪ್ಪರ, ಅದರಡಿ ಸೆರೇಮಾಳ ಅಣ್ಣ ನೇಮಾನಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಿಟಕಿಯಲ್ಲಿ ತಂಗಿಯನ್ನು ಕಂಡು ಎದ್ದು ಕೈ ಎತ್ತಿದ. ಹಿರಿಯರು ಕೈ ಎತ್ತಿದ ಮೇಲೆ ಮುಂದೆ ಹೋಗುವ ಡ್ರೈವರ್ ನಮ್ಮಲ್ಲಿ ಇಲ್ಲ.

ದೊಡ್ಡವರಾದ ಅಣ್ಣ ತಂಗಿ ನಮ್ಮಲ್ಲಿ ನೇರ ಮಾತಾಡುವುದಿಲ್ಲ. ನೇಮಾನಿ ಪೌಲಿಯಾಸಿಯ ಕಿಟಕಿಗೆ ಬಂದ.

“ಈ ಗಾಡೀಲಿ ನಮ್ಮೂರ ಹೆಣ್ಣುಮಗಳು ಇರೋ ಹಾಗಿದೆ. ಎಲ್ಲಿಗಂತೆ?”

“ನಾಂದಿಗೆ ಯಜಮಾನ್ರೇ, ವಿಮಾನಕ್ಕೆ.”

“ಹೋಗೋರು ಯಾರಂತೆ?”

ಪೌಲಿಯಾಸಿ ತಲೆ ಕೆರೆದುಕೊಂಡ. ನೇಮಾನಿಯ ಕಣ್ಣು ಒಳಗೆ ಹರಿದು ಬಟ್ಟೆಯ ಅಂಚಿನಲ್ಲಿ ನಿಂತಿತು. ಅಲ್ಲಿ ಬಿಳಿ ಬೂಟಿನ ತುದಿ ಇಣುಕುತ್ತಿತ್ತು.

“ಸಾಕು ಅಮ್ಮಾ” ಅಂತ ಬಟ್ಟೆಯೊಳಗಿಂದ ದನಿ ಬಂತು. ಹುಡುಗಿ ಏಳುತ್ತಿದ್ದ ಹಾಗೇ ನೇಮಾನಿ ಸರಕ್ಕನೆ ತಿರುಗಿ ನಮಗೆ ಬೆನ್ನು ಕೊಟ್ಟು ನಿಂತ. ಚಪ್ಪರದಲ್ಲಿದ್ದ ಹೆಂಗಸರೂ ಅವನನ್ನು ನೋಡಿ ಒಬ್ಬೊಬ್ಬರೇ ಸಮುದ್ರದ ಕಡೆ ತಿರುಗಿದರು.

“ನಾನು ಯಾರನ್ನೂ ನೋಡ್ಲಿಲ್ಲ” ಅಂದ ಸಮುದ್ರಕ್ಕೆ. “ಡ್ರೈವರ್, ಅವಳಿಗೆ ಹೇಳು. ಮುಖ ನಮಗಿನ್ನೂ ಬಂದಿಲ್ಲ. ಬರೋವರೆಗೂ ಕಾಯ್ತೀವಿ. ಆದ್ರೆ ನಮ್ಮ ತಂಗಿ ಮಗಳ ಮುಖ ಸೀಟಿನ ಕೆಳಗೆ ಇಡೋ ಅಂಥದ್ದಲ್ಲ. ಅದನ್ನೂ ಹೇಳು.”

ಆಮೇಲೆ ತಿರುಗದೆಯೇ ಒಂದು ಕಟ್ಟು ತೆನೆ ಹಿಂದಕ್ಕೆ ಚಾಚಿದ. ವಾಸೆವಾ ಕಿಟಕಿಯಿಂದ ಬಾಗಿ ತೆಗೆದುಕೊಂಡಳು. ಅವನ ಬೆರಳುಗಳು ಅವಳ ಬೆರಳನ್ನು ಒಂದು ಗಳಿಗೆ ಹಿಡಿದುಕೊಂಡವು.

“ಡ್ರೈವರ್, ಹೆಂಗಿದಾಳೆ?”

“ನಂಗೇನು ಗೊತ್ತು ಯಜಮಾನ್ರೇ, ಯಾರ ಹಾಗೋ. ಮುಂದಿನ ಹಲ್ಲಲ್ಲಿ ಸಂದಿ ಇದೆ.”

“ಅಮ್ಮಂಗೂ ಇತ್ತು” ಅಂದ. ಆ ಬೆನ್ನು ಅಲುಗಾಡಿದ್ದನ್ನು ನಾವೆಲ್ಲ ಕಂಡೆವು. “ಹೋಗಿ. ವಿಮಾನ ತಪ್ಪೀತು.”

ವಾಸೆವಾ ತೆನೆ ತಿಂದಳು, ಅಳುತ್ತಲೇ ತಿಂದಳು. ಸೆರೇಮಾ ತನ್ನ ಪಾಲಿನದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಮುಂದೆ ಸಿಂಗಾತೋಕಾ ಊರು ದಾಟಿದ ಮೇಲೆ ಬಾಯಿ ಬಿಟ್ಟಳು.

“ಬೈದಿದ್ರೆ ಚೆನ್ನಾಗಿತ್ತು ಅಕ್ಕಾ. ಕೆನ್ನೆಗೆ ಹೊಡೆದಿದ್ರೂ ಚೆನ್ನಾಗಿತ್ತು.”

ವಿಮಾನ ಸಿಕ್ಕಿತು. ವಾಸೆವಾ ಒಳಗೆ ಹೋಗುವಾಗ ಸೆರೇಮಾ ಅವಳ ಕಂಕುಳಿನ ಚಾಪೆ ಹಿಡಿದಳು. “ಇದನ್ನ ಬಿಟ್ಟು ಹೋಗು. ಅಲ್ಲಿ ಮಂಚ ಕೊಡ್ತಾರೆ.” ಮಗಳು ಅಮ್ಮನ ಮುಖ ನೋಡಿ, ಏನೂ ಕೇಳದೆ ಕೊಟ್ಟಳು.

ವಾಪಸಿಗೆ ನಮಗಿಬ್ಬರಿಗೂ ಮಾರನೆಯ ದಿನ ನಾಂದಿಯಿಂದಲೇ ನೇರ ವಿಮಾನದ ಟಿಕೆಟ್ ಇತ್ತು. ಬೆಳಿಗ್ಗೆ ಸೆರೇಮಾ ಅಂದಳು:

“ನೀನು ಹೋಗು ಅಕ್ಕಾ. ನಾನು ರಸ್ತೇಲೇ ಹೋಗಿ ನೌಸೋರಿಯಿಂದ ಬರ್ತೀನಿ. ಅಮ್ಮನ ಗೋರಿಗೆ ಈ ಚಾಪೆ ಹಾಸ್ಬೇಕು. ಮುಖದ ಚಾಪೆಗಳನ್ನ ಮತ್ತೆ ಮೊದಲಿಂದ ನೇಯ್ತೀನಿ.”

“ಅಣ್ಣನ ಎದುರಿಗೆ ಹೆಂಗೆ ಹೋಗ್ತೀಯೇ?”

“ಹೋಗಿ ಕೂತ್ಕೋತೀನಿ. ನನ್ನ ಕಂಡು ಬೆನ್ನು ಕೊಡೋಕೆ ಅವನಿಗೇನು ಕಾರಣ ಇಲ್ಲವಲ್ಲ. ನೋಡ್ಲಿ. ಎಷ್ಟು ಹೊತ್ತು ಬೇಕಾದ್ರೂ ನೋಡ್ಲಿ.”

ರಾತ್ರಿ ನಾಂದಿಯಲ್ಲೇ ಉಳಿದಿದ್ದ ಪೌಲಿಯಾಸಿ ವ್ಯಾನಿನ ಬಾಗಿಲು ತೆಗೆದು, “ಎಲ್ಲಿ ಕೂರ್ತೀಯಮ್ಮಾ, ಸೀಟಿನ ಮೇಲೋ ಕೆಳಗೋ?” ಅಂದ. ಅಂದವನೇ ನಾಲಿಗೆ ಕಚ್ಚಿಕೊಂಡ.

“ಮುಂದೆ, ನಿನ್ನ ಪಕ್ಕ” ಅಂದಳು ಸೆರೇಮಾ. “ದೂರದಿಂದಲೇ ಎಲ್ಲರಿಗೂ ಕಾಣೋ ಹಾಗೆ.”

ಚಾಪೆಯ ಸುರುಳಿ ತೊಡೆಗೆ ಆನಿಸಿಕೊಂಡು ಕೂತಳು. ಅದರ ಮೇಲೆ ನಿನ್ನೆಯ ತಣ್ಣಗಾದ ತೆನೆ ಹಾಗೇ ಇತ್ತು.